ಗೂಢಚಾರನಿಂದಲೇ ವಿಲ್ಲಿ ಬ್ರಾಂಟ್ ಕುರ್ಚಿ ಹೋಯಿತಾ?

ಪ್ರಶ್ನೆ: ಪಶ್ಚಿಮ ಜರ್ಮನಿಯ ಚಾನ್ಸಲರ್ ಆಗಿದ್ದ ವಿಲ್ಲಿ ಬ್ರಾಂಟ್ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು, ಚುನಾವಣೆಯನ್ನೂ ಭರ್ಜರಿಯಾಗಿ ಗೆದ್ದವರು. ಅಂಥವರು ಕಚೇರಿಯಲ್ಲಿ ಒಬ್ಬ ಗೂಢಚಾರ ಸಿಕ್ಕಿಬಿದ್ದ ಅಂತ ರಾಜೀನಾಮೆ ಕೊಟ್ಟುಬಿಟ್ಟರಾ? ಬೇರೆ ಏನಾದರೂ ಕಾರಣ ಇತ್ತಾ?

ಉತ್ತರ: ಅವನು ಸಿಕ್ಕಿಬೀಳದಿದ್ದರೆ ಬ್ರಾಂಟ್ 1974ರ ಮೇ ತಿಂಗಳಲ್ಲಿ ರಾಜೀನಾಮೆ ಕೊಡುತ್ತಿರಲಿಲ್ಲ, ಅದು ನಿಜ. ಆದರೆ ಅವನೊಬ್ಬನಿಂದಲೇ ಕುರ್ಚಿ ಹೋಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬ್ರಾಂಟ್ ಅಷ್ಟರಲ್ಲಾಗಲೇ ದಣಿದಿದ್ದರು. ಪಕ್ಷದ ಹಿರಿಯರು ಬೆನ್ನಿಗೆ ನಿಲ್ಲಲಿಲ್ಲ. ಅದಕ್ಕಿಂತ ಜಾಸ್ತಿ, ಅವರ ಖಾಸಗಿ ಬದುಕನ್ನು ಬೀದಿಗೆ ತರಲು ಎಲ್ಲ ತಯಾರಿ ನಡೆದಿತ್ತು.

ಮೊದಲು ಆ ಗೂಢಚಾರನ ವಿಷಯ. ಗ್ಯುಂಟರ್ ಗಿಯೋಮ್ ಪೂರ್ವ ಜರ್ಮನಿಯ ಗುಪ್ತಚರ ಸಂಸ್ಥೆ ಸ್ಟಾಸಿಯ ಮನುಷ್ಯ. 1956ರಲ್ಲಿ ಹೆಂಡತಿ ಕ್ರಿಸ್ಟೆಲ್ ಜೊತೆ ನಿರಾಶ್ರಿತನ ಹಾಗೆ ಪಶ್ಚಿಮಕ್ಕೆ ಬಂದ. ಆಕೆಯೂ ಸ್ಟಾಸಿಗೇ ಕೆಲಸ ಮಾಡುತ್ತಿದ್ದಳು. ಫ್ರಾಂಕ್‌ಫರ್ಟ್‌ನಲ್ಲಿ ಬ್ರಾಂಟ್ ಅವರ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಸೇರಿ, ಮೈಮುರಿದು ದುಡಿಯುವ ಕಾರ್ಯಕರ್ತ ಅನ್ನಿಸಿಕೊಂಡ. 1970ರಲ್ಲಿ ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ನ ಚಾನ್ಸಲರ್ ಕಚೇರಿಯಲ್ಲಿ ಕೆಲಸ ಸಿಕ್ಕಿತು. 1972ರ ಹೊತ್ತಿಗೆ ಬ್ರಾಂಟ್ ಅವರ ಆಪ್ತ ಸಹಾಯಕರಲ್ಲಿ ಒಬ್ಬನಾಗಿದ್ದ. ಪಕ್ಷದ ವ್ಯವಹಾರ ನೋಡಿಕೊಳ್ಳುವುದು, ಪ್ರವಾಸದಲ್ಲಿ ಜೊತೆಗಿರುವುದು ಅವನ ಕೆಲಸ.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ, ಇವನ ಮೇಲೆ ಅನುಮಾನ ಇದೆ ಅಂತ ಬ್ರಾಂಟ್‌ಗೆ 1973ರ ಮೇ ತಿಂಗಳಲ್ಲೇ ತಿಳಿದಿತ್ತು. ಹೇಳಿದವರು ಗೃಹಮಂತ್ರಿ ಗೆನ್ಷರ್. ಸಾಕ್ಷಿ ಇನ್ನೂ ಸಾಲದು, ಅವನು ಇದ್ದಲ್ಲೇ ಇರಲಿ, ನಾವು ಕಣ್ಣಿಟ್ಟಿರುತ್ತೇವೆ ಅನ್ನುವುದು ಭದ್ರತಾ ಅಧಿಕಾರಿಗಳ ಲೆಕ್ಕಾಚಾರ. ಬ್ರಾಂಟ್ ಒಪ್ಪಿಕೊಂಡರು. ಆ ಜುಲೈನಲ್ಲಿ ಅವರು ರಜೆಗೆ ನಾರ್ವೆಯ ಹಾಮಾರ್‌ಗೆ ಹೋದಾಗ ಗಿಯೋಮ್ ಕೂಡ ಹೋದ. ಬಾನ್‌ನಿಂದ ಟೆಲಿಪ್ರಿಂಟರ್‌ನಲ್ಲಿ ಬರುತ್ತಿದ್ದ ರಹಸ್ಯ ಸಂದೇಶಗಳು ಅವನ ಕೈದಾಟಿಯೇ ಬ್ರಾಂಟ್‌ಗೆ ತಲುಪುತ್ತಿದ್ದವು. ಕಣ್ಣಿಡುತ್ತೇವೆ ಅಂದವರು ಅಲ್ಲಿ ಏನು ಮಾಡುತ್ತಿದ್ದರು? ಈ ಪ್ರಶ್ನೆ ಕೇಳದೆ ತಪ್ಪನ್ನೆಲ್ಲ ಬ್ರಾಂಟ್ ತಲೆಗೆ ಕಟ್ಟುವುದು ಅನ್ಯಾಯ ಅಲ್ವಾ?

1974ರ ಏಪ್ರಿಲ್ 24ರಂದು ಗಿಯೋಮ್ ಬಂಧನವಾಯಿತು. ಮನೆಗೆ ಬಂದ ಪೊಲೀಸರಿಗೆ ತಾನು ಪೂರ್ವ ಜರ್ಮನಿಯ ಅಧಿಕಾರಿ ಅಂತ ಅವನೇ ಬಾಯಿಬಿಟ್ಟ. ಅಲ್ಲಿಂದ ತನಿಖೆ ಬೇರೆ ದಾರಿ ಹಿಡಿಯಿತು. ತನಿಖಾಧಿಕಾರಿಗಳು ಬ್ರಾಂಟ್ ಅವರ ಅಂಗರಕ್ಷಕರನ್ನು ಕೂರಿಸಿಕೊಂಡು, ಪ್ರವಾಸಗಳಲ್ಲಿ ಚಾನ್ಸಲರ್ ಯಾವ ಯಾವ ಹೆಂಗಸರನ್ನು ಭೇಟಿಯಾಗಿದ್ದರು ಅಂತೆಲ್ಲ ಕೇಳಿ ಬರೆದುಕೊಂಡರು. ಗಿಯೋಮ್ ಇದನ್ನು ಕೋರ್ಟಿನಲ್ಲಿ ಹೇಳಿದರೆ, ಪೂರ್ವ ಜರ್ಮನಿ ಇದನ್ನೇ ಇಟ್ಟುಕೊಂಡು ಬೆದರಿಸಿದರೆ ಅನ್ನುವ ಮಾತು ಎದ್ದಿತು. ಮೇ 4ರ ರಾತ್ರಿ ಬಾಟ್ ಮ್ಯುನ್‌ಸ್ಟರ್‌ಐಫೆಲ್ ಅನ್ನುವ ಊರಲ್ಲಿ, ಸಂಸತ್ತಿನಲ್ಲಿ ಪಕ್ಷದ ನಾಯಕರಾಗಿದ್ದ ಹೆರ್ಬರ್ಟ್ ವೆನರ್ ಇದನ್ನು ಬ್ರಾಂಟ್ ಮುಂದಿಟ್ಟರು. ನೀವೇ ಮುಂದುವರಿಯಬೇಕು ಅಂತ ಒತ್ತಾಯ ಮಾಡಲಿಲ್ಲ. ಎರಡೇ ದಿನದಲ್ಲಿ ರಾಜೀನಾಮೆ ಪತ್ರ ಹೋಯಿತು.

ವೆನರ್‌ಗೂ ಬ್ರಾಂಟ್‌ಗೂ ಅಷ್ಟಕ್ಕಷ್ಟೇ. 1972ರ ನವೆಂಬರ್ ಚುನಾವಣೆಯಲ್ಲಿ ಪಕ್ಷ ಶೇ. 45.8 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ಅದು ಬ್ರಾಂಟ್ ಹೆಸರಿನ ಮೇಲೆ ಬಂದ ಗೆಲುವು. ಆದರೆ ಗೆದ್ದ ಕೂಡಲೇ ಅವರು ಗಂಟಲಿನ ತೊಂದರೆಯಿಂದ ಆಸ್ಪತ್ರೆ ಸೇರಿದರು. ವೈದ್ಯರು ಮಾತಾಡಲೇಬಾರದು ಅಂದಿದ್ದರು. ಮೈತ್ರಿಯ ಮಾತುಕತೆಯನ್ನು ವೆನರ್ ಮತ್ತು ಪಕ್ಷದ ಇನ್ನೊಬ್ಬ ಹಿರಿಯ ನಾಯಕ ಹೆಲ್ಮುಟ್ ಶ್ಮಿಟ್ ಮುಗಿಸಿಬಿಟ್ಟರು. ಮರುವರ್ಷ ತೈಲದ ಬಿಕ್ಕಟ್ಟು. ಭಾನುವಾರ ಕಾರು ಓಡಿಸಬಾರದು ಅನ್ನುವ ಮಟ್ಟಕ್ಕೆ ಹೋಯಿತು. 1974ರ ಆರಂಭದಲ್ಲಿ ಸರ್ಕಾರಿ ನೌಕರರು ಮುಷ್ಕರ ಹೂಡಿ ಶೇ. 11ರಷ್ಟು ಸಂಬಳ ಏರಿಸಿಕೊಂಡರು. ಚಾನ್ಸಲರ್ ಕೈಲಿ ಹಿಡಿತ ಇಲ್ಲ ಅಂತ ಎಲ್ಲರೂ ಆಡಿಕೊಂಡರು.

ಖಾಸಗಿ ಬದುಕಿನ ಮಾತು ಬಂದಾಗ ಅವರು ಯಾಕೆ ಅಷ್ಟು ಬೇಗ ಕೈಚೆಲ್ಲಿದರು? ನನ್ನ ಪ್ರಕಾರ ಇದಕ್ಕೆ ಉತ್ತರ ಅವರ ಹಳೆಯ ಬದುಕಿನಲ್ಲಿದೆ. 1913ರಲ್ಲಿ ಲ್ಯುಬೆಕ್‌ನಲ್ಲಿ ಹುಟ್ಟಿದಾಗ ಅವರ ಹೆಸರು ಹೆರ್ಬರ್ಟ್ ಫ್ರಾಮ್. ಅಂಗಡಿಯಲ್ಲಿ ದುಡಿಯುತ್ತಿದ್ದ ತಾಯಿಗೆ ಮದುವೆಯಾಗಿರಲಿಲ್ಲ. ಅಪ್ಪನ ಮುಖವನ್ನೇ ಅವರು ನೋಡಲಿಲ್ಲ. 1933ರಲ್ಲಿ ಹಿಟ್ಲರ್ ಬಂದಾಗ ಹತ್ತೊಂಬತ್ತರ ಹುಡುಗ ಮೀನುಗಾರಿಕೆಯ ದೋಣಿಯಲ್ಲಿ ತಪ್ಪಿಸಿಕೊಂಡು ಡೆನ್ಮಾರ್ಕ್ ಮೂಲಕ ನಾರ್ವೆ ಸೇರಿದ. ವಿಲ್ಲಿ ಬ್ರಾಂಟ್ ಅನ್ನುವುದು ಆಗ ಇಟ್ಟುಕೊಂಡ ಗುಪ್ತ ಹೆಸರು. ನಾಜಿಗಳು ಪೌರತ್ವ ಕಿತ್ತುಕೊಂಡರು. ಯುದ್ಧ ಮುಗಿದ ಮೇಲೆ ವಾಪಸ್ ಬಂದು, ಪಶ್ಚಿಮ ಬರ್ಲಿನ್ನಿನ ಮೇಯರ್ ಆದರು. ಆದರೂ ಈ ಹುಟ್ಟು, ಈ ವಲಸೆ, ಈ ಹೆಸರು ಮೂರನ್ನೂ ಎದುರಾಳಿಗಳು ಬಿಡಲಿಲ್ಲ. 1961ರ ಆಗಸ್ಟ್ 13ರಂದು ಬರ್ಲಿನ್ ಗೋಡೆ ಏಳತೊಡಗಿತು. ಮರುದಿನವೇ ಆಗಿನ ಚಾನ್ಸಲರ್ ಅಡೆನಾವರ್ ಚುನಾವಣಾ ಸಭೆಯಲ್ಲಿ 'ಬ್ರಾಂಟ್ ಅಲಿಯಾಸ್ ಫ್ರಾಮ್' ಅಂತ ಚುಚ್ಚಿದರು. ಊರು ಎರಡು ಹೋಳಾಗುತ್ತಿರುವಾಗ ಅದರ ಮೇಯರ್‌ಗೆ ಸಿಕ್ಕ ಬೆಂಬಲ ಇದು! ಇನ್ನೊಂದು ಸುತ್ತು ಇಂಥ ಕೆಸರೆರಚಾಟಕ್ಕೆ ಅವರಲ್ಲಿ ಶಕ್ತಿ ಉಳಿದಿರಲಿಲ್ಲ.

ವಾರ್ಸಾದ ಆ ಫೋಟೊ ನೀವು ನೋಡಿರುತ್ತೀರಿ. 1970ರ ಡಿಸೆಂಬರ್ 7. ನಾಜಿಗಳ ವಿರುದ್ಧ ತಿರುಗಿಬಿದ್ದ ಯಹೂದಿಗಳ ಸ್ಮಾರಕಕ್ಕೆ ಬ್ರಾಂಟ್ ಹೂವಿನ ಚಕ್ರ ಇಟ್ಟು, ಅದರ ರಿಬ್ಬನ್ ಸರಿಮಾಡಿ, ಒದ್ದೆ ಕಲ್ಲಿನ ಮೇಲೆ ಸುಮ್ನೆ ಮಂಡಿಯೂರಿದರು. ನಾಜಿಗಳನ್ನು ವಿರೋಧಿಸಿ ದೇಶ ಬಿಟ್ಟವರಿಗೆ ಕ್ಷಮೆ ಕೇಳುವಂಥ ವೈಯಕ್ತಿಕ ತಪ್ಪೇನೂ ಇರಲಿಲ್ಲ. ಆದರೂ ಒಂದು ಪತ್ರಿಕೆಯ ಸಮೀಕ್ಷೆಯಲ್ಲಿ ಶೇ. 48 ಪಶ್ಚಿಮ ಜರ್ಮನ್ನರು ಇದು ಅತಿಯಾಯಿತು ಅಂದರು. ಸರಿ ಅಂದವರು ಶೇ. 41. ಲೋಕವೆಲ್ಲ ಮೆಚ್ಚಿದ ಬ್ರಾಂಟ್ ಮನೆಯೊಳಗೆ ಎಂಥ ಗಾಳಿಯಲ್ಲಿ ಕೆಲಸ ಮಾಡುತ್ತಿದ್ದರು ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಇನ್ನೊಂದು ವಿಚಿತ್ರವಿದೆ. 1972ರ ಏಪ್ರಿಲ್‌ನಲ್ಲಿ ವಿರೋಧ ಪಕ್ಷ ಅವಿಶ್ವಾಸ ಮತ ತಂದಾಗ 249 ಮತ ಬೇಕಿತ್ತು, ಬಿದ್ದದ್ದು 247. ವಿರೋಧ ಪಕ್ಷದ ಸದಸ್ಯರೊಬ್ಬರಿಗೆ ಸ್ಟಾಸಿ 50,000 ಮಾರ್ಕ್ ಕೊಟ್ಟಿತ್ತು ಅಂತ ಆಮೇಲೆ ಹೊರಬಂತು. ಪೂರ್ವದ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿದ್ದ ಬ್ರಾಂಟ್ ಉಳಿಯುವುದು ಪೂರ್ವ ಜರ್ಮನಿಗೂ ಬೇಕಿತ್ತು. ಸ್ಟಾಸಿಯ ವಿದೇಶಿ ಬೇಹುಗಾರಿಕೆಯ ಮುಖ್ಯಸ್ಥ ಮಾರ್ಕುಸ್ ವುಲ್ಫ್, ಬ್ರಾಂಟ್ ಬೀಳುವುದು ತಮಗೆ ಬೇಕಿರಲಿಲ್ಲ, ಗಿಯೋಮ್ ಪ್ರಕರಣ ತಮಗೇ ಆದ ದೊಡ್ಡ ಪೆಟ್ಟು ಅಂತ ಮುಂದೆ ಒಪ್ಪಿಕೊಂಡರು. 13 ವರ್ಷ ಶಿಕ್ಷೆಯಾಗಿದ್ದ ಗಿಯೋಮ್ 1981ರಲ್ಲಿ ಕೈದಿಗಳ ವಿನಿಮಯದಲ್ಲಿ ಪೂರ್ವಕ್ಕೆ ಮರಳಿದ. ಗೆನ್ಷರ್ ಹೊಸ ಸರ್ಕಾರದಲ್ಲಿ ವಿದೇಶಾಂಗ ಮಂತ್ರಿಯಾದರು. ಶ್ಮಿಟ್ ಚಾನ್ಸಲರ್ ಆದರು.

ಬ್ರಾಂಟ್ ರಾಜಕೀಯ ಬಿಡಲಿಲ್ಲ. 1987ರವರೆಗೆ ಪಕ್ಷದ ಅಧ್ಯಕ್ಷರಾಗಿದ್ದರು. ಬಡ ದೇಶ, ಶ್ರೀಮಂತ ದೇಶಗಳ ನಡುವಿನ ಕಂದಕದ ಬಗ್ಗೆ 1980ರಲ್ಲಿ ವರದಿ ಕೊಟ್ಟ ಅಂತಾರಾಷ್ಟ್ರೀಯ ಆಯೋಗಕ್ಕೆ ಅವರೇ ಮುಖ್ಯಸ್ಥರು. ನಮ್ಮ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಎಲ್.ಕೆ. ಝಾ ಅದರ ಸದಸ್ಯರಲ್ಲೊಬ್ಬರು. 1990ರ ನವೆಂಬರ್‌ನಲ್ಲಿ, 76ರ ವಯಸ್ಸಿನಲ್ಲಿ, ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನ್ ಜೊತೆ ಮಾತಾಡಿ ನೂರಕ್ಕೂ ಹೆಚ್ಚು ಒತ್ತೆಯಾಳುಗಳನ್ನು ಬಿಡಿಸಿಕೊಂಡು ಬಂದರು.