ಲೋ ಕಾರ್ಬ್ ಅಂದರೆ ಎಷ್ಟು ಕಮ್ಮಿ?

"ನಾನೀಗ ಲೋ ಕಾರ್ಬ್ ಕಣೇ. ಅನ್ನ ಮುಟ್ಟೋದೇ ಇಲ್ಲ, ಎರಡು ಹೊತ್ತೂ ಮುದ್ದೆ." ಅಕ್ಕ ಫೋನಿನಲ್ಲಿ ಹೀಗೆಂದ ವಾರವೇ ನಾನು ಅವಳ ಮನೆಗೆ ಹೋಗಿದ್ದೆ. ಮುದ್ದೆಗೆ ಎಸರಿಡುವ ಮುಂಚೆ ಹಿಟ್ಟನ್ನು ತಕ್ಕಡಿಯ ಮೇಲಿಟ್ಟು ನೋಡಿದೆವು. ಒಂದು ಮುದ್ದೆಗೆ ಅವಳು ಹಾಕುವ ಹಿಟ್ಟು ಹೆಚ್ಚುಕಮ್ಮಿ 100 ಗ್ರಾಂ. ಅಷ್ಟು ರಾಗಿ ಹಿಟ್ಟಿನಲ್ಲಿ ನಾರು ಬಿಟ್ಟು 65 ಗ್ರಾಂಗಿಂತ ಹೆಚ್ಚು ಕಾರ್ಬೋಹೈಡ್ರೇಟ್ ಇರುತ್ತದೆ. ಬೆಂದ ಅನ್ನದಲ್ಲಿ 100 ಗ್ರಾಂಗೆ ಸುಮಾರು 28 ಗ್ರಾಂ. ಅಂದರೆ ಆ ಒಂದು ಮುದ್ದೆ ಕಾಲು ಕಿಲೋಗೆ ಸ್ವಲ್ಪ ಕಮ್ಮಿ ಅನ್ನಕ್ಕೆ ಸಮ. ಮುದ್ದೆ ಒಳ್ಳೆಯ ಊಟ. ನಾರಿದೆ, ಕ್ಯಾಲ್ಸಿಯಂ ಇದೆ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಆದರೆ ಲೋ ಕಾರ್ಬ್ ಎಂಬ ಪದ ಹೇಳುವುದೇ ಬೇರೆ. ಅಕ್ಕನಂತೆ ಬಹಳ ಜನ ಆ ಪದವನ್ನು 'ಅನ್ನ ಬಿಡುವುದು' ಎಂದೇ ತಿಳಿದಿದ್ದಾರೆ.

ಕಾರ್ಬ್ ಎಂಬುದು ಕಾರ್ಬೋಹೈಡ್ರೇಟ್‌ನ ಮೊಟಕು ರೂಪ. ಕನ್ನಡ ಪಠ್ಯಪುಸ್ತಕಗಳಲ್ಲಿ ಇದು ಶರ್ಕರಪಿಷ್ಟ. ನನಗೆ ಈ ಕನ್ನಡ ಪದವೇ ಹೆಚ್ಚು ಇಷ್ಟ. ಶರ್ಕರ ಅಂದರೆ ಸಕ್ಕರೆ, ಪಿಷ್ಟ ಅಂದರೆ ಅಕ್ಕಿ, ರಾಗಿ, ಗೋಧಿ, ಆಲೂಗಡ್ಡೆಯ ಗಂಜಿಯಂಶ. ಎರಡೂ ಒಂದೇ ಕುಲದವು ಎಂದು ಪದವೇ ಹೇಳಿಬಿಡುತ್ತದೆ. ಕಾಫಿಗೆ ಸಕ್ಕರೆ ಬಿಟ್ಟವರು ತಟ್ಟೆಯ ಅನ್ನವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇರುತ್ತಾರಲ್ಲ, ಅವರಿಗೆ ಈ ಪದ ಒಂದು ಪಾಠ. ನಾರು ಕೂಡ ಇದೇ ಕುಲದ್ದೇ. ಆದರೆ ಅದು ಸಕ್ಕರೆಯಾಗಿ ರಕ್ತ ಸೇರುವುದಿಲ್ಲ. ಅದಕ್ಕೇ ಒಟ್ಟು ಕಾರ್ಬ್‌ನಿಂದ ನಾರನ್ನು ಕಳೆದು ಉಳಿದದ್ದಕ್ಕೆ 'ನೆಟ್ ಕಾರ್ಬ್' ಎನ್ನುತ್ತಾರೆ.

ಇನ್ನು ಲೋ, ಅಂದರೆ ಕಮ್ಮಿ. ಎಷ್ಟಕ್ಕಿಂತ? ಇದಕ್ಕೆ ಸರ್ಕಾರಿ ಮುದ್ರೆ ಬಿದ್ದ ಅಳತೆಯಿಲ್ಲ. ವೈದ್ಯಕೀಯ ಬರಹಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಲೆಕ್ಕ ಹೀಗಿದೆ: ದಿನಕ್ಕೆ 20ರಿಂದ 50 ಗ್ರಾಂ ಆದರೆ 'ಅತಿ ಕಮ್ಮಿ', 130 ಗ್ರಾಂ ಒಳಗಿದ್ದರೆ 'ಕಮ್ಮಿ', ಒಟ್ಟು ಶಕ್ತಿಯ 26ರಿಂದ 45 ಶೇಕಡ ಕಾರ್ಬ್‌ನಿಂದ ಬಂದರೆ 'ಮಧ್ಯಮ'. ಎರಡು ಸಾವಿರ ಕ್ಯಾಲರಿ ತಿನ್ನುವವರಿಗೆ 130 ಗ್ರಾಂ ಅಂದರೆ 26 ಶೇಕಡ. ನಮ್ಮಲ್ಲಿ 60 ಶೇಕಡ ದಾಟುವುದು ಮಾಮೂಲು, ಅಂದರೆ 300 ಗ್ರಾಂ. ಹೀಗಾಗಿ 20 ಗ್ರಾಂ ತಿನ್ನುವವರದೂ ಲೋ ಕಾರ್ಬ್, 120 ಗ್ರಾಂ ತಿನ್ನುವವರದೂ ಲೋ ಕಾರ್ಬ್. ಇಬ್ಬರ ದೇಹದೊಳಗೆ ನಡೆಯುವುದು ಮಾತ್ರ ಒಂದೇ ಅಲ್ಲ.

ಏನು ನಡೆಯುತ್ತದೆ? ತಿಂದ ಕಾರ್ಬ್‌ನ ಒಂದು ಪಾಲನ್ನು ದೇಹವು ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ಸುಮಾರು ಅರ್ಧ ಕಿಲೋ. ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆಗೂ ಮೂರು ಗ್ರಾಂನಷ್ಟು ನೀರು ಇರುತ್ತದೆ. ಕಾರ್ಬ್ ನಿಲ್ಲಿಸಿದಾಗ ಮೊದಲು ಕರಗುವುದು ಈ ದಾಸ್ತಾನು, ಅದರ ಜೊತೆಗೆ ಹೋಗುವುದು ನೀರು. ಮೊದಲ ವಾರ ತೂಕದ ಯಂತ್ರ ಎರಡು ಕಿಲೋ ಇಳಿಸಿ ತೋರಿಸಿದರೆ ಅದರಲ್ಲಿ ಬಹುಪಾಲು ನೀರೇ. ಮದುವೆ ಮನೆಯಲ್ಲಿ ಒಂದು ಹೊತ್ತು ಚಿರೋಟಿ, ಬಿಸಿಬೇಳೆಬಾತ್ ಉಂಡು ಬಂದರೆ ಮರುದಿನ ಒಂದು ಕಿಲೋ ಏರಿರುತ್ತದಲ್ಲ, ಅದೂ ಇದೇ ನೀರು. ಗಾಬರಿ ಬೇಡ.

ಕಾರ್ಬ್ 50 ಗ್ರಾಂಗಿಂತ ಕೆಳಗಿಳಿದು ಕೆಲವು ದಿನ ಕಳೆದರೆ ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ, ಮೆದುಳು ಅದನ್ನೂ ಉರುವಲಾಗಿ ಬಳಸುತ್ತದೆ. ಈ ಸ್ಥಿತಿಯೇ ಕೀಟೋಸಿಸ್. ಇದರಲ್ಲಿರುವವರ ಉಸಿರಿಗೆ ಉಗುರುಬಣ್ಣ ತೆಗೆಯುವ ದ್ರವದ ವಾಸನೆ ಬರುವುದುಂಟು. ಕೀಟೋನ್‌ಗಳಲ್ಲಿ ಒಂದು ಅಸಿಟೋನ್, ಆ ದ್ರವದಲ್ಲಿರುವುದೂ ಅದೇ. 120 ಗ್ರಾಂ ತಿನ್ನುವವರು ಈ ಸ್ಥಿತಿಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಈ ಆಹಾರಕ್ರಮಗಳ ಹೆಸರು ಹೊಸದು, ಯೋಚನೆ ಹಳೆಯದು. ಲಂಡನ್‌ನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬವರಿದ್ದರು. ಅಂತ್ಯಸಂಸ್ಕಾರದ ಏರ್ಪಾಡು ಮಾಡುವುದು ಅವರ ಕುಟುಂಬದ ಕಸುಬು. ಬಗ್ಗಿ ಶೂ ದಾರ ಕಟ್ಟಲಾಗದಷ್ಟು ದಪ್ಪ, ಮಂಡಿಗೆ ಭಾರ ಬೀಳದಿರಲೆಂದು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ವೈದ್ಯರ ಬಳಿ ಹೋದರೆ, ಅವರು ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಿಸಿದರು. ಯಕೃತ್ತು ಮತ್ತು ಸಕ್ಕರೆಯ ಸಂಬಂಧದ ಬಗ್ಗೆ ಪ್ಯಾರಿಸ್‌ನಲ್ಲಿ ಕ್ಲಾಡ್ ಬರ್ನಾರ್ಡ್ ಅವರ ಉಪನ್ಯಾಸ ಕೇಳಿ ಬಂದವರು ಆ ವೈದ್ಯರು. ಬ್ಯಾಂಟಿಂಗ್ ವರ್ಷವೊಂದರಲ್ಲಿ 20 ಕಿಲೋ ಆಸುಪಾಸು ಇಳಿದರು, 1863ರಲ್ಲಿ ತಮ್ಮ ಅನುಭವವನ್ನು ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿದರು. ಅದೆಷ್ಟು ಹರಡಿತೆಂದರೆ, ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ತೂಕ ಇಳಿಸಲು ಪಥ್ಯ ಮಾಡುವುದಕ್ಕೆ 'ಬಾಂಟಾ' ಎನ್ನುತ್ತಾರೆ. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಬೇರೆ.

ಕೀಟೋಸಿಸ್ ತರುವ ಆಹಾರಕ್ರಮವಾದ ಕೀಟೋ ಹುಟ್ಟಿದ್ದು ತೂಕ ಇಳಿಸಲು ಅಲ್ಲವೇ ಅಲ್ಲ. ಉಪವಾಸವಿದ್ದಾಗ ಮೂರ್ಛೆರೋಗದ ಸೆಳವು ಕಮ್ಮಿಯಾಗುವುದನ್ನು ವೈದ್ಯರು ಗಮನಿಸಿದ್ದರು. ಎಷ್ಟು ದಿನ ಅಂತ ಉಪವಾಸ ಕೆಡವುವುದು? ಊಟ ಮಾಡುತ್ತಲೇ ಉಪವಾಸದ ಸ್ಥಿತಿ ತರುವ ದಾರಿಯಾಗಿ 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಕೀಟೋಜೆನಿಕ್ ಡಯಟ್ ಸೂಚಿಸಿದರು. ಮುಂದೆ ಚಾಲ್ತಿಗೆ ಬಂದ ಕಟ್ಟುನಿಟ್ಟಿನ ಕ್ರಮದಲ್ಲಿ ನಾಲ್ಕು ಪಾಲು ಕೊಬ್ಬಿಗೆ ಪ್ರೋಟೀನ್, ಕಾರ್ಬ್ ಎರಡೂ ಸೇರಿ ಒಂದೇ ಪಾಲು. ಔಷಧಕ್ಕೆ ಬಗ್ಗದ ಸೆಳವಿರುವ ಮಕ್ಕಳಿಗೆ ಇದನ್ನು ಈಗಲೂ ವೈದ್ಯರ ಕಣ್ಗಾವಲಿನಲ್ಲಿ ಕೊಡುತ್ತಾರೆ. ನಮ್ಮ ಹಿರಿಯರು ಪಥ್ಯ ಎನ್ನುತ್ತಿದ್ದರಲ್ಲ, ಕಾಯಿಲೆ ಗೊತ್ತಿದ್ದವರು ಹೇಳಿ ಮಾಡಿಸುವುದು, ಅದೇ ಇದು. ತೂಕಕ್ಕಾಗಿ ಮಾಡುವ ಕೀಟೋ ಇದರ ಸಡಿಲ ರೂಪ: ಶಕ್ತಿಯ 70 ಶೇಕಡಕ್ಕೂ ಹೆಚ್ಚು ಕೊಬ್ಬಿನಿಂದ, ಪ್ರೋಟೀನ್ ಹದವಾಗಿ, ಕಾರ್ಬ್ 50 ಗ್ರಾಂ ಒಳಗೆ, ಮಾಡುವಷ್ಟು ದಿನವೂ ಹಾಗೆಯೇ.

ಹೃದ್ರೋಗ ತಜ್ಞ ರಾಬರ್ಟ್ ಆಟ್ಕಿನ್ಸ್ 1972ರಲ್ಲಿ ಪ್ರಚಾರಕ್ಕೆ ತಂದ ಕ್ರಮ ಶುರುವಾಗುವುದು ಕೀಟೋದಂತೆಯೇ, ಎರಡು ವಾರ 20 ಗ್ರಾಂ. ಅಲ್ಲಿಂದ ಮುಂದೆ ವ್ಯತ್ಯಾಸ. ವಾರವಾರಕ್ಕೆ 5 ಗ್ರಾಂನಂತೆ ಕಾರ್ಬ್ ಏರಿಸುತ್ತ, ತೂಕ ಇಳಿಯುವುದು ಎಲ್ಲಿ ನಿಲ್ಲುತ್ತದೆ ಎಂದು ತನ್ನ ಮಿತಿಯನ್ನು ತಾನೇ ಕಂಡುಕೊಳ್ಳಬೇಕು. ಮಿತಿ ಒಬ್ಬೊಬ್ಬರಿಗೆ ಒಂದೊಂದು ಎಂದು ಒಪ್ಪಿಕೊಂಡದ್ದೇ ಅದರ ದೊಡ್ಡ ಗುಣ ಎಂದು ನನ್ನ ಅಭಿಪ್ರಾಯ. ಮಯಾಮಿಯ ಇನ್ನೊಬ್ಬ ಹೃದ್ರೋಗ ತಜ್ಞ ಆರ್ಥರ್ ಅಗಾಟ್ಸ್ಟನ್ ಅವರ ಸೌತ್ ಬೀಚ್ ಕ್ರಮದಲ್ಲಿ ಗ್ರಾಂ ಎಣಿಸುವ ಗೋಜಿಲ್ಲ. ಎರಡು ವಾರ ಬ್ರೆಡ್, ಅನ್ನ, ಹಣ್ಣು ಬಿಟ್ಟು, ಆಮೇಲೆ ಇಡೀ ಧಾನ್ಯ ಮತ್ತು ಹಣ್ಣನ್ನು ವಾಪಸ್ ತರುವುದು. ಬೆಣ್ಣೆಯಂಥ ಕೊಬ್ಬು ಕಮ್ಮಿ, ಕಾಳಿಗೆ ಮೊದಲ ದಿನದಿಂದಲೇ ಅವಕಾಶ. ಸಸ್ಯಾಹಾರಿಗಳಿಗೆ ಸರಾಗವಾಗಿ ಹೊಂದುವುದು ಇದೇ. ಧಾನ್ಯ, ಬೇಳೆಕಾಳು, ಹಾಲು ಮೂರನ್ನೂ ಬಿಡಿಸುವ ಪೇಲಿಯೋದಲ್ಲಿ ಹಣ್ಣು, ಗೆಣಸು, ಜೇನುತುಪ್ಪ ನಡೆಯುತ್ತದೆ, ಹಾಗಾಗಿ ಅದು ಲೋ ಕಾರ್ಬ್ ಆಗಲೇಬೇಕೆಂದಿಲ್ಲ.

ಯಾವುದರಲ್ಲಿ ಹೆಚ್ಚು ತೂಕ ಇಳಿಯುತ್ತದೆ? 2007ರಲ್ಲಿ ಪ್ರಕಟವಾದ, ಅಮೆರಿಕದ 311 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಆಟ್ಕಿನ್ಸ್ ಮಾಡಿದವರು ವರ್ಷಕ್ಕೆ ಸರಾಸರಿ 4.7 ಕಿಲೋ ಇಳಿದರು. ಅದರ ಜೊತೆ ಹೋಲಿಸಿ ನೋಡಿದ ಬೇರೆ ಮೂರು ಕ್ರಮಗಳಲ್ಲಿ (ಮೇಲೆ ಹೇಳಿದವಲ್ಲ) 1.6ರಿಂದ 2.6 ಕಿಲೋ. ಆದರೆ ವರ್ಷದ ಕೊನೆಗೆ ಆಟ್ಕಿನ್ಸ್‌ನವರೂ ಹೇಳಿದ್ದಕ್ಕಿಂತ ಬಹಳ ಹೆಚ್ಚು ಕಾರ್ಬ್ ತಿನ್ನುತ್ತಿದ್ದರು. ಅದೇ ಅಧ್ಯಯನ ನಡೆಸಿದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡನರ್ ತಂಡ 2018ರಲ್ಲಿ 609 ಜನರ ಫಲಿತಾಂಶ ಪ್ರಕಟಿಸಿತು. ಈ ಸಲ ಎರಡು ಗುಂಪಿಗೂ ಸಕ್ಕರೆ, ಮೈದಾ ಬಿಟ್ಟು ತರಕಾರಿ ಹೆಚ್ಚು ತಿನ್ನಲು ಹೇಳಿದ್ದರು. ಕೊಬ್ಬು ಕಮ್ಮಿ ಮಾಡಿದವರು 5.3 ಕಿಲೋ ಇಳಿದರು, ಕಾರ್ಬ್ ಕಮ್ಮಿ ಮಾಡಿದವರು 6 ಕಿಲೋ. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಒಂದೇ ಗುಂಪಿನೊಳಗೇ ಒಬ್ಬರು 30 ಕಿಲೋ ಇಳಿದರೆ ಇನ್ನೊಬ್ಬರು 10 ಕಿಲೋ ಏರಿದ್ದರು. ಹೆಸರಿಗಿಂತ ಎಷ್ಟು ದಿನ ನಡೆಸಿಕೊಂಡು ಹೋಗಬಲ್ಲೆವು ಎಂಬುದೇ ಮುಖ್ಯ ಎಂದು ನಾನು ನಂಬಿರುವುದು ಈ ಅಂಕಿಗಳನ್ನು ನೋಡಿದ ಮೇಲೆ.

ನಮ್ಮ ಅಡುಗೆಮನೆಯಲ್ಲಿ ತೊಡಕು ಇರುವುದು ಬೇಳೆಯಲ್ಲಿ. ತೊಗರಿಬೇಳೆಯನ್ನು ಎಲ್ಲರೂ ಪ್ರೋಟೀನ್ ಎಂದೇ ಕರೆಯುತ್ತಾರೆ. 100 ಗ್ರಾಂ ಬೇಳೆಯಲ್ಲಿ ಪ್ರೋಟೀನ್ 22 ಗ್ರಾಂ, ಕಾರ್ಬ್ 55 ಗ್ರಾಂ. ಕೀಟೋ ಮಾಡುವ ಸಸ್ಯಾಹಾರಿಗೆ ಗಟ್ಟಿ ತೊವ್ವೆಯೂ ದುಬಾರಿ. ಉಳಿಯುವುದು ಪನ್ನೀರು, ಮೊಸರು, ಕೊಬ್ಬರಿ, ಕಡಲೆಬೀಜ, ಸೊಪ್ಪು. ಇಷ್ಟರಲ್ಲೇ ತಿಂಗಳುಗಟ್ಟಲೆ ಇರುವುದು ಕಷ್ಟ, ಕೆಲವರಿಗೆ ಎಲ್‌ಡಿಎಲ್ ಕೊಲೆಸ್ಟ್ರಾಲ್ ಏರುವುದೂ ಇದೆ. ಅದೇ 130 ಗ್ರಾಂ ಮಿತಿಗೆ ನಮ್ಮ ಊಟ ಒಗ್ಗುತ್ತದೆ. ಹೀರೇಕಾಯಿ, ಸೋರೆಕಾಯಿ, ಸೊಪ್ಪುಗಳಲ್ಲಿ ಕಾರ್ಬ್ ತೀರಾ ಕಮ್ಮಿ, ಪಲ್ಯವನ್ನು ಅನ್ನದಷ್ಟು ಬಡಿಸಿಕೊಂಡರೂ ಲೆಕ್ಕ ತಪ್ಪುವುದಿಲ್ಲ. 2022ರಲ್ಲಿ ಪ್ರಕಟವಾದ, 18,090 ಭಾರತೀಯರ ಆಹಾರ ನೋಡಿದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಹೊಸದಾಗಿ ಸಕ್ಕರೆ ಕಾಯಿಲೆ ಕಂಡವರಿಗೆ ಸೂಚಿಸಿದ್ದು 49ರಿಂದ 54 ಶೇಕಡ ಕಾರ್ಬ್, ಜೊತೆಗೆ ಪ್ರೋಟೀನ್ ಹೆಚ್ಚಳ. ಮೇಲಿನ ಲೆಕ್ಕದಲ್ಲಿ ಇದು ಲೋ ಕಾರ್ಬ್‌ನ ಹತ್ತಿರಕ್ಕೂ ಬರುವುದಿಲ್ಲ. ತಟ್ಟೆಯ ಕಾಲು ಭಾಗ ಅನ್ನ ಇಳಿಸಿ ಆ ಜಾಗಕ್ಕೆ ಕಾಳು, ಮೊಟ್ಟೆ ಇಲ್ಲವೇ ಮೀನು ಬಂದರೂ ಪ್ರಯೋಜನವಿದೆ ಎಂದಾಯಿತು.

ಅಕ್ಕ ಈಗ ಮಧ್ಯಾಹ್ನ 150 ಗ್ರಾಂ ಅನ್ನ ತೂಗಿ ಹಾಕಿಕೊಳ್ಳುತ್ತಾಳೆ, ರಾತ್ರಿ 50 ಗ್ರಾಂ ಹಿಟ್ಟಿನ ಪುಟ್ಟ ಮುದ್ದೆ, ಬಸ್ಸಾರಿನ ಪಲ್ಯ ತಟ್ಟೆ ತುಂಬ. ಭಾವನನ್ನೂ ಸೇರಿಸಿಕೊಂಡು ಪೂರ್ತಿ ಕೀಟೋ ಮಾಡಬೇಕೆಂದು ಹೊರಟಿದ್ದವಳನ್ನು ತಡೆದದ್ದು ಭಾವನ ಮಾತ್ರೆ. ಅವರದು ಡಾಪಾಗ್ಲಿಫ್ಲೋಜಿನ್, ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಮಾತ್ರೆ. ಅದನ್ನು ನುಂಗುತ್ತ ಕಾರ್ಬ್ ತೀರಾ ಇಳಿಸಿದರೆ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬರಬಹುದು, ಸಕ್ಕರೆ ತಪಾಸಣೆ ಹೆಚ್ಚೇನೂ ತೋರಿಸದಿದ್ದಾಗಲೂ. ಇನ್ಸುಲಿನ್ ಇಲ್ಲವೇ ಗ್ಲಿಮೆಪಿರೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಬೇರೆ ರೀತಿಯದು, ಸಕ್ಕರೆ ಥಟ್ಟನೆ ಕುಸಿದು ತಲೆಸುತ್ತಿ ಬೀಳಬಹುದು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಸಹ ಡಾಕ್ಟರನ್ನು ಕೇಳದೆ ಶುರುಮಾಡಬಾರದು. ಮಾತ್ರೆಯ ಶೀಟು ನೋಡಿದ ಡಾಕ್ಟರು ಅಕ್ಕನಿಗೆ ಹೇಳಿದ್ದು ಇಷ್ಟೇ: "ಇವರಿಗೆ ಅನ್ನ ಅರ್ಧ ಮಾಡಿ, ಪೂರ್ತಿ ಬಿಡಿಸಬೇಡಿ. ಎರಡು ವಾರ ಬಿಟ್ಟು ಕರ್ಕೊಂಡು ಬನ್ನಿ, ಮಾತ್ರೆ ಏನು ಮಾಡೋದು ಅಂತ ಆಗ ನೋಡೋಣ."