ಬ್ಯಾಕ್ಟೀರಿಯಾ ಪುಡಿ ಎರಚಿದರೆ ಕೆರೆಯ ಹಾವಸೆ ಹೋದೀತೆ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕಿನ ಹಳ್ಳಿ. ಬೇಸಿಗೆ ಬಂತೆಂದರೆ ಕೆರೆಯ ನೀರು ಹಸಿರು ಬಣ್ಣ ಕಲಸಿದಂತಾಗುತ್ತದೆ. ದನಗಳು ಅದನ್ನೇ ಕುಡಿಯುತ್ತವೆ. ಬ್ಯಾಕ್ಟೀರಿಯಾ ಪುಡಿ ಎರಚಿದರೆ ಪಾಚಿ ಸಾಯುತ್ತದಂತೆ. ಹಾಕಬಹುದೇ?

ಉತ್ತರ: ಪುಡಿಗೆ ದುಡ್ಡು ಕೊಡುವ ಮೊದಲು ಉದ್ದನೆಯ ಒಣ ಕಡ್ಡಿಯೊಂದನ್ನು ನೀರಿಗೆ ಅದ್ದಿ ತೆಗೆಯಿರಿ. ಕೂದಲಿನಂತೆ ಎಳೆ ಎಳೆಯಾಗಿ ಜೋತುಬಿದ್ದರೆ ಅದು ಹೆಚ್ಚಾಗಿ ನಿರುಪದ್ರವಿ ಪಾಚಿ. ಬಣ್ಣ ಬಳಿದಂತೆ ಕಡ್ಡಿಗೆ ಮೆತ್ತಿಕೊಂಡರೆ ನೀಲಿ-ಹಸಿರು ಪಾಚಿ ಎಂದು ಅನುಮಾನಿಸಿ. ಹೆಸರಿಗಷ್ಟೇ ಅದು ಪಾಚಿ, ಹುಟ್ಟಿನಿಂದ ಅದೂ ಬ್ಯಾಕ್ಟೀರಿಯಾವೇ!

ಈ ಗುಂಪಿನ ಮೈಕ್ರೊಸಿಸ್ಟಿಸ್, ಯಕೃತ್ತನ್ನು ಕೆಡಿಸುವ ಮೈಕ್ರೊಸಿಸ್ಟಿನ್ ಎಂಬ ವಿಷವನ್ನು ತಯಾರಿಸಿ ತನ್ನ ಕೋಶದೊಳಗೇ ಇಟ್ಟುಕೊಂಡಿರುತ್ತದೆ. ತೊಡಕಿರುವುದು ಇಲ್ಲೇ. ಇದನ್ನು ಕೊಲ್ಲುವ ಬ್ಯಾಕ್ಟೀರಿಯಾಗಳು ನಿಜಕ್ಕೂ ಇವೆ, ಬ್ಯಾಸಿಲಸ್ ಕುಲದಲ್ಲೂ ಇವೆ. ಆದರೆ ಅವು ಕೋಶವನ್ನು ಒಡೆದಾಗ ಒಳಗಿದ್ದ ವಿಷ ನೀರಿಗೆ ಸೇರುತ್ತದೆ. ಕೆರೆ ತಿಳಿಯಾಗಿ ಕಾಣುತ್ತಿರುವ ಹೊತ್ತಿನಲ್ಲೇ ನೀರು ಹೆಚ್ಚು ವಿಷವಾಗಿರಬಹುದು. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಪಾಚಿ ಕೊಲ್ಲಲು ಕುಡಿಯುವ ನೀರಿನ ಜಲಾಶಯಕ್ಕೆ ಮೈಲುತುತ್ತ ಹಾಕಿದರು. ಆಮೇಲೆ 148 ಜನ ಕಾಯಿಲೆ ಬಿದ್ದರು, ಬಹುತೇಕ ಮಕ್ಕಳು. ಅಲ್ಲಿನ ಪಾಚಿ ಬೇರೆ, ಮದ್ದೂ ಬೇರೆ. ಕೋಶ ಒಡೆದರೆ ಆಗುವುದು ಮಾತ್ರ ಒಂದೇ.

ಪಾಚಿಯನ್ನು ಬಿಟ್ಟು ವಿಷವನ್ನೇ ತಿನ್ನುವ ಬ್ಯಾಕ್ಟೀರಿಯಾಗಳೂ ಇವೆ. ನನಗೆ ಹೆಚ್ಚು ಭರವಸೆ ಇರುವುದು ಇವುಗಳ ಮೇಲೆ. ಮೈಕ್ರೊಸಿಸ್ಟಿನ್ ಅಣು ಬಳೆಯಂತೆ ದುಂಡಗಿದೆ. ಸ್ಫಿಂಗೋಮೊನಾಸ್ ಬಳಗದ ಕೆಲವು ಬ್ಯಾಕ್ಟೀರಿಯಾಗಳ ಕಿಣ್ವ ಆ ಬಳೆಯನ್ನು ಒಂದು ಕಡೆ ಕತ್ತರಿಸುತ್ತದೆ, ಅಲ್ಲಿಗೆ ವಿಷದ ಕಸುವು ಬಹುಪಾಲು ಇಳಿಯುತ್ತದೆ. ನೀರು ಶುದ್ಧೀಕರಿಸುವ ಮರಳಿನ ಸೋಸುಹಾಸುಗಳಲ್ಲಿ ಇಂಥವು ನೆಲೆಯೂರಿ ಕೆಲಸ ಮಾಡಬಲ್ಲವು. ಬಯಲು ಕೆರೆಯ ಮಾತು ಬೇರೆ. ಹೊರಗಿನಿಂದ ಬಿಟ್ಟ ಬ್ಯಾಕ್ಟೀರಿಯಾವನ್ನು ಅಲ್ಲಿನ ಸೂಕ್ಷ್ಮಜೀವಿಗಳು ಮೇಯ್ದುಬಿಡುತ್ತವೆ. ಪ್ರಯೋಗಾಲಯದ ಫ್ಲಾಸ್ಕಿನಲ್ಲಿ ಗೆದ್ದದ್ದು ನಿಮ್ಮ ತಾಲ್ಲೂಕಿನ ಸೂಳೆಕೆರೆಯಲ್ಲಿ ಗೆಲ್ಲಬೇಕೆಂದಿಲ್ಲ.

ಮೀನುಹೊಂಡಕ್ಕೆಂದು ಮಾರುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ತಳದ ಕೊಳೆ ಕರಗಿಸುವ ಬ್ಯಾಸಿಲಸ್. ಮೈಕ್ರೊಸಿಸ್ಟಿನ್ ಅದರ ಪಾಲಿನ ಕೆಲಸವಲ್ಲ. ಹಾಗಾಗಿ ಪುಡಿ ಬೇಡ. ಗದ್ದೆ, ಅಡಿಕೆ ತೋಟಗಳಿಂದ ಡಿಎಪಿ ಗೊಬ್ಬರ ಕರಗಿದ ನೀರು ಮತ್ತು ಊರ ಚರಂಡಿ ಕೆರೆಗೆ ಸೇರುವ ತನಕ ಅವುಗಳಲ್ಲಿರುವ ರಂಜಕ ತಿಂದು ಪಾಚಿ ಮತ್ತೆ ಹುಟ್ಟುತ್ತಲೇ ಇರುತ್ತದೆ.

ಸದ್ಯಕ್ಕೆ, ಗಾಳಿ ತಳ್ಳಿದ ಹಾವಸೆ ಬಂದು ಗುಡ್ಡೆಯಾಗುವ ದಂಡೆಗೆ ದನಗಳನ್ನು ಇಳಿಸಬೇಡಿ, ಕೊಳವೆಬಾವಿಯ ನೀರನ್ನು ತೊಟ್ಟಿಗೆ ತುಂಬಿಸಿ ಕುಡಿಸಿ. ಕುದಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೈಕ್ರೊಸಿಸ್ಟಿನ್ ಕುದಿಗೆ ಜಗ್ಗುವುದಿಲ್ಲ. ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಉಳಿದದ್ದು ಇನ್ನಷ್ಟು ವಿಷವಾಗುತ್ತದೆ.