ರಬ್ಬರ್ ಗುಂಡಿನಲ್ಲಿ ರಬ್ಬರ್ ಎಷ್ಟಿತ್ತು?

2019ರ ಅಕ್ಟೋಬರ್. ಚಿಲಿ ದೇಶದ ರಾಜಧಾನಿ ಸಾಂಟಿಯಾಗೋದಲ್ಲಿ ಮೆಟ್ರೋ ಟಿಕೆಟ್ ದರ 30 ಪೆಸೊ ಏರಿತು. ಅದಕ್ಕೆ ಬೀದಿಗಿಳಿದ ಜನ ಮತ್ತೆ ಮನೆಗೆ ಹೋಗಲೇ ಇಲ್ಲ, ಗಲಾಟೆ ದೇಶದ ತುಂಬಾ ಹಬ್ಬಿತು. ಚದುರಿಸಲು ಪೊಲೀಸರು ರಬ್ಬರ್ ಗುಂಡು ಹಾರಿಸಿದರು. ಒಂದು ತೋಟೆಯಲ್ಲಿ 8 ಮಿಲಿಮೀಟರ್ ದಪ್ಪದ 12 ಗುಂಡು. ನಗರದ ಸಾಲ್ವಡೋರ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಆರು ವಾರದಲ್ಲಿ ಬಂದ ಗಾಯಾಳುಗಳು 259 ಮಂದಿ. ಅವರಲ್ಲಿ 182 ಮಂದಿಗೆ ಪೆಟ್ಟಾಗಿದ್ದು ಇಂಥ ಗುಂಡುಗಳಿಂದಲೇ.

ರಬ್ಬರ್ ತಾನೇ, ಇಷ್ಟು ಹಾನಿ ಹೇಗೆ? ಡಾಕ್ಟರುಗಳಿಗೂ ಇದೇ ಅನುಮಾನ. ಅವರು ಬೈದುಕೊಂಡು ಸುಮ್ಮನಾಗಲಿಲ್ಲ. ರೋಗಿಗಳ ಮೈಯಿಂದ ತೆಗೆದ ಗುಂಡುಗಳನ್ನು ಚಿಲಿ ವಿಶ್ವವಿದ್ಯಾಲಯದ ಎಂಜಿನಿಯರುಗಳಿಗೆ ಕಳಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಕಾಯಿಸಿ, ಗಟ್ಟಿತನ ಅಳೆದು ಬಂದ ಉತ್ತರ: ರಬ್ಬರ್ ಬರೀ ಶೇ 20. ಉಳಿದ ಶೇ 80 ಸಿಲಿಕಾ, ಬೇರಿಯಂ ಸಲ್ಫೇಟ್, ಸೀಸ. ಬೇರಿಯಂ ಸಲ್ಫೇಟ್ ಅಂದರೆ ಹೊಟ್ಟೆಯ ಎಕ್ಸ್-ರೇಗೆ ಮುಂಚೆ ಕುಡಿಸುತ್ತಾರಲ್ಲ, ಆ ಬಿಳಿ ಪುಡಿಯೇ. ರಬ್ಬರಿಗಿಂತ ಎಷ್ಟೋ ಪಟ್ಟು ಭಾರ. ರಬ್ಬರಿನ ಗಟ್ಟಿತನ ಅಳೆಯುವ ಶೋರ್ ಮಾಪನದಲ್ಲಿ ಕಾರಿನ ಟೈರು 60-70ರ ಆಸುಪಾಸು ಬರುತ್ತದೆ, ಈ ಗುಂಡು 96 ದಾಟಿತ್ತು. ವರದಿ ಹೊರಬಿದ್ದ ಕೆಲವೇ ದಿನಕ್ಕೆ, ನವೆಂಬರ್ 19ರಂದು, ಪೊಲೀಸರು ಈ ಗುಂಡಿನ ಬಳಕೆಯನ್ನು ನಿಲ್ಲಿಸಬೇಕಾಯಿತು.

ಆ ಗಲಾಟೆಯ ಸಾವಿರ ವಿಡಿಯೊ ಓಡಾಡುತ್ತಿದ್ದವು. ಆದರೆ ವಿಡಿಯೊ ಬಂದ ಕೂಡಲೇ ‘ಅದಕ್ಕೂ ಮುಂಚೆ ಏನಾಯ್ತು ತೋರಿಸಿ’ ಅನ್ನುವವರು ಇದ್ದೇ ಇರುತ್ತಾರೆ. ಗುಂಡಿನೊಳಗಿನ ಸೀಸಕ್ಕೆ ಹಾಗನ್ನಲು ಆಗಲ್ಲ ಅಲ್ವಾ?

ಗಾಯವನ್ನೂ ಹೀಗೇ ಓದಬಹುದು. ನಮಗೆ ಗೊತ್ತಿರುವ ಲಾಠಿಯನ್ನೇ ತಗೊಳ್ಳಿ. ಉರುಟು ಕೋಲು ಜೋರಾಗಿ ಬಿದ್ದಾಗ ನೇರ ಕೆಳಗಿನ ಚರ್ಮ ಒತ್ತಿ, ಅಲ್ಲಿನ ರಕ್ತ ಪಕ್ಕಕ್ಕೆ ಸರಿಯುತ್ತದೆ. ಅಂಚಿನ ಸಣ್ಣ ರಕ್ತನಾಳಗಳು ಜಗ್ಗಿ ಒಡೆಯುತ್ತವೆ. ಹಾಗಾಗಿ ಮೈಮೇಲೆ ಮೂಡುವುದು ಒಂದು ಬರೆಯಲ್ಲ, ರೈಲು ಹಳಿಯಂತೆ ಎರಡು ಕೆಂಪು ಗೆರೆ, ನಡುವೆ ಬಿಳಿಚಿಕೊಂಡ ಚರ್ಮ. ಆ ನಡುವಿನ ಅಗಲ ಕೋಲಿನ ದಪ್ಪದ ಸುಳಿವು ಕೊಡುತ್ತದೆ. ಎಡವಿ ಬಿದ್ದರೆ ಬೆನ್ನಿನ ಮೇಲೆ ಇಂಥ ಜೋಡಿಗೆರೆ ಮೂಡುವುದಿಲ್ಲ.

ಆದರೆ ಇದು ಮಾಸುತ್ತದೆ. ಬಣ್ಣ ನೋಡಿ ‘ಇದು ಮೂರು ದಿನದ ಗಾಯ’ ಎನ್ನುವ ಹಳೆಯ ಪಟ್ಟಿಗಳನ್ನು ಈಗ ಯಾರೂ ಜಾಸ್ತಿ ನಂಬುವುದಿಲ್ಲ. ಹಳದಿ ಕಂಡರೆ ಪೆಟ್ಟು ಬಿದ್ದು 18 ಗಂಟೆಯಾದರೂ ಆಗಿರಬೇಕು, ಅಷ್ಟೇ ಹೇಳಬಹುದು. ಕಪ್ಪು ಮೈಬಣ್ಣದವರಲ್ಲಿ ಅದೂ ಸರಿಯಾಗಿ ಕಾಣಲ್ಲ. ಅದಕ್ಕೇ ಗಾಯದ ಪಕ್ಕ ಅಳತೆಪಟ್ಟಿ ಇಟ್ಟು ಹತ್ತಿರದಿಂದ ಒಂದು ಫೋಟೊ, ದೇಹದ ಯಾವ ಭಾಗ ಅಂತ ತಿಳಿಯುವಂತೆ ದೂರದಿಂದ ಒಂದು, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ. ಕೆಲವು ಪೆಟ್ಟು ಮೇಲೆ ಕಾಣಲು ಅಷ್ಟು ಸಮಯ ಬೇಕು.

ಚಿತ್ರಹಿಂಸೆಯ ಗುರುತುಗಳನ್ನು ಹೇಗೆ ದಾಖಲಿಸಬೇಕೆಂದು ಹೇಳುವ ವಿಶ್ವಸಂಸ್ಥೆಯ ಕೈಪಿಡಿ ಇಸ್ತಾಂಬುಲ್ ಪ್ರೊಟೊಕಾಲ್ (1999ರದ್ದು, 2022ರಲ್ಲಿ ಪರಿಷ್ಕರಿಸಿದ್ದು) ವೈದ್ಯರಿಂದ ಇನ್ನೂ ಒಂದು ಕೇಳುತ್ತದೆ. ಗಾಯಾಳು ಹೇಳಿದ ಕಥೆಗೂ ಗಾಯಕ್ಕೂ ಎಷ್ಟು ಹೊಂದಿಕೆ? ಹೊಂದುವುದೇ ಇಲ್ಲ ಎಂಬಲ್ಲಿಂದ ಬೇರೆ ಕಾರಣವೇ ಇರಲಾರದು ಎಂಬಲ್ಲಿಯವರೆಗೆ ಐದು ಮೆಟ್ಟಿಲಿವೆ. ಯಾರು ಹೊಡೆದರು ಅಂತ ತೀರ್ಪು ಕೊಡುವುದು ವೈದ್ಯರ ಕೆಲಸವಲ್ಲ, ಅದು ಕೋರ್ಟಿನದ್ದು.

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಗಾಯ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್, ಅಂದರೆ ಪೊಲೀಸ್-ಕೋರ್ಟಿಗೆ ಸಂಬಂಧಿಸಿದ ಪ್ರಕರಣ) ಅಂತ ದಾಖಲಾಗಿ, ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯದ ಪ್ರಮಾಣಪತ್ರ ಆಗುತ್ತದೆ. ಅದರಲ್ಲಿ ‘ಬೆನ್ನಿಗೆ ತರಚು ಗಾಯ, ಸಾದಾ ಸ್ವರೂಪ’ ಅಂತ ಗೀಚಿದರೆ ಮುಗೀತು, ವರ್ಷಗಳಾದ ಮೇಲೆ ಯಾವ ವಕೀಲರಿಗೂ ಅದರಿಂದ ಏನೂ ಹುಟ್ಟಲ್ಲ. ‘ಎಡ ಬೆನ್ನಿನ ಮೇಲೆ ಜೋಡಿಗೆರೆ, ಇಷ್ಟು ಉದ್ದ, ನಡುವೆ ಇಷ್ಟು ಅಂತರ’ ಎಂದು ಬರೆಯಲು ಹಿಡಿಯುವುದು ಇನ್ನೊಂದು ನಿಮಿಷ.